ರಕ್ತದ ವರದಿ ಕುಡುಕನ ಹೆಸರು ಹೇಳೀತೇ? ಕಲಬುರಗಿಯ ದಾಲ್ ಮಿಲ್ಲಿನ ಒಂದು ಪ್ರಕರಣ

ಕಲಬುರಗಿಯ ಹೊರವಲಯದ ಒಂದು ದಾಲ್ ಮಿಲ್ಲಿನಲ್ಲಿ, ಹೊಸ ತೊಗರಿ ಬರುವ ಹಂಗಾಮಿನಲ್ಲಿ, ರಾತ್ರಿ ಪಾಳಿಯ ಹುಡುಗನೊಬ್ಬನ ಕೈ ಎಲಿವೇಟರ್ ಬೆಲ್ಟಿಗೆ ಸಿಕ್ಕಿತು. ಎರಡು ಬೆರಳು ಉಳಿಯಲಿಲ್ಲ. ಆಸ್ಪತ್ರೆಯ ಖರ್ಚನ್ನು ಮಿಲ್ಲಿನ ಮಾಲೀಕರೇ ಭರಿಸಿದರು. ಆದರೆ ಹುಡುಗ ಕುಡಿದು ಪಾಳಿಗೆ ಬಂದಿದ್ದನೆಂಬ ಮಾತು ಮಿಲ್ಲಿನಲ್ಲೆಲ್ಲ ಹಬ್ಬಿತು. ಮಾಲೀಕರ ಮನಸ್ಸಿನಲ್ಲೂ ಅದೇ ಕೂತಿತು. ಕೆಲವು ವಾರಗಳ ನಂತರ ಅವರು ನನ್ನ ದವಾಖಾನೆಗೆ ಬಂದರು. "ಡಾಕ್ಟರ್ ಸಾಹೇಬರೆ, ಆರೋಗ್ಯ ಶಿಬಿರ ಎಂದು ಹೇಳಿ ಎಲ್ಲರ ರಕ್ತ ತೆಗೆಸಿಬಿಡಿ. ಲಿವರ್ ಟೆಸ್ಟ್ ಮಾಡಿದರೆ ಯಾರು ಕುಡಿಯುತ್ತಾರೆ ಎಂಬುದು ಗೊತ್ತಾಗುತ್ತದಲ್ಲವೇ? ಆ ಹೆಸರುಗಳನ್ನು ನನಗೆ ಕೊಡಿ. ಅವರ ಲೆಕ್ಕ ಚುಕ್ತಾ ಮಾಡಿ ಕಳಿಸುತ್ತೇನೆ. ನಾಳೆ ಇನ್ನೊಬ್ಬನ ಕೈ ಹೋಗಬಾರದು" ಎಂದರು.

ಕೊನೆಯ ಮಾತನ್ನು ಅವರು ಮನಸ್ಸಿನಿಂದಲೇ ಹೇಳಿದ್ದರು. ಗಾಯಗೊಂಡ ಹುಡುಗನನ್ನು ತಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಒಯ್ದವರು ಅವರು. ಆದ್ದರಿಂದ ಆಗುವುದಿಲ್ಲವೆಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ಅವರು ಕೇಳಿದ ಕೆಲಸವನ್ನು ರಕ್ತಪರೀಕ್ಷೆ ಏಕೆ ಮಾಡಲಾರದು, ಮಾಡಹೊರಟರೆ ಯಾರ ಅನ್ನ ಹೋಗುತ್ತದೆ ಎಂಬುದನ್ನು ವಿವರಿಸಬೇಕಿತ್ತು. ಮುಂದೆ ನಡೆದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಯಾರ ಗುರುತೂ ಸಿಗದಂತೆ ವಯಸ್ಸು ಮತ್ತು ಕೆಲಸದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಬೆರೆತುಹೋಗಿದ್ದ ಪ್ರಶ್ನೆಗಳು

ಮಾಲೀಕರ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿದ್ದವು. ಈ ಮನುಷ್ಯ ಇಂದು ಕುಡಿದು ಬಂದಿದ್ದಾನೆಯೇ? ಇವನು ತಿಂಗಳುಗಟ್ಟಲೆ ಮಿತಿ ಮೀರಿ ಕುಡಿಯುತ್ತಿದ್ದಾನೆಯೇ? ಕುಡಿತ ಇವನ ಕೈ ಮೀರಿ ಹೋಗಿದೆಯೇ?

ಮೊದಲನೆಯದಕ್ಕೆ ಉತ್ತರ ಸುಲಭ, ಆದರೆ ಆ ಹೊತ್ತಿನಲ್ಲೇ ಹುಡುಕಬೇಕು. ರಕ್ತದಲ್ಲಿ ಸೇರಿದ ಮದ್ಯಸಾರ ಸಾಮಾನ್ಯವಾಗಿ ಗಂಟೆಗೆ 100 ಮಿಲಿಲೀಟರ್ ರಕ್ತಕ್ಕೆ 15ರಿಂದ 20 ಮಿಲಿಗ್ರಾಂನಷ್ಟು ಇಳಿಯುತ್ತದೆ. ರಾತ್ರಿ ಕುಡಿದದ್ದರ ಗುರುತು ಮರುದಿನದ ಹೊತ್ತಿಗೆ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ವಾಹನ ಚಾಲಕರಿಗೆ ಕಾನೂನು ಹಾಕಿರುವ 30 ಮಿಲಿಗ್ರಾಂ ಮಿತಿಯನ್ನು ಪೊಲೀಸರು ರಸ್ತೆಯಲ್ಲೇ ಬಾಯಿ ಊದಿಸಿ ನೋಡುವುದು ಇದೇ ಕಾರಣಕ್ಕೆ. ಬೆರಳು ಹೋದ ರಾತ್ರಿ ಹುಡುಗ ಕುಡಿದಿದ್ದನೇ ಎಂಬುದನ್ನು ವಾರಗಳ ನಂತರ ತೆಗೆದ ಅವನ ರಕ್ತವಾಗಲಿ, ಅವನ ಜೊತೆಗಾರರ ರಕ್ತವಾಗಲಿ ಹೇಳಲಾರದು.

ಎರಡನೆಯ ಪ್ರಶ್ನೆಗೆ ಸಾಮಾನ್ಯ ರಕ್ತಪರೀಕ್ಷೆಗಳು ಸುಳಿವು ಕೊಡುತ್ತವೆ, ಅಷ್ಟೇ. ಮೂರನೆಯದಕ್ಕೆ ಜಗತ್ತಿನ ಯಾವ ರಕ್ತಪರೀಕ್ಷೆಯಲ್ಲೂ ಉತ್ತರವಿಲ್ಲ. ಕುಡಿತದ ಚಟ ಎನ್ನುವುದು ಮನುಷ್ಯ ಹೇಗೆ ಕುಡಿಯುತ್ತಾನೆ, ಬಿಡಲು ಹೋದರೆ ಏನಾಗುತ್ತದೆ, ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದರಲ್ಲಿ ಕಾಣುವಂಥದ್ದು. ಅದನ್ನು ತಿಳಿಯಲು ಅವನೊಡನೆ ಕೂತು ಮಾತನಾಡಬೇಕು.

ಶಿಬಿರದ ಹೆಸರಿನಲ್ಲಿ ಗುಟ್ಟಾಗಿ ಪರೀಕ್ಷೆ ಮಾಡುವುದನ್ನು ನಾನು ಖಂಡಿತವಾಗಿ ನಿರಾಕರಿಸಿದೆ. ರೋಗಿಯ ಗುಟ್ಟನ್ನು ಹೊರಗೆಡಹಬಾರದೆಂದು ವೈದ್ಯರ ನಡತೆಯ 2002ರ ನಿಯಮಗಳು ಹೇಳುತ್ತವೆ. ಮದ್ಯದ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಗೋಪ್ಯತೆಯ ಹಕ್ಕು ಅಲ್ಲಿಯೂ ಇದೆ. ಕಾನೂನಿನ ಮಾತು ಹಾಗಿರಲಿ. ರಕ್ತ ಕೊಟ್ಟವನಿಗೆ ಅದನ್ನು ಯಾವುದಕ್ಕೆ ತೆಗೆದರೆಂಬುದು ಗೊತ್ತಿಲ್ಲದಿದ್ದರೆ ಮುಂದೆ ಎದೆನೋವು ಬಂದರೂ ಅವನು ವೈದ್ಯನ ಬಳಿ ಬರುವುದಿಲ್ಲ.

ಮಾಲೀಕರು ಎರಡು ದಿನ ಯೋಚಿಸಿ ಒಪ್ಪಿದರು. ಪರೀಕ್ಷೆಗೆ ಒಳಗಾಗುವುದು ಕೆಲಸಗಾರರ ಇಷ್ಟ. ವರದಿ ಅವರವರ ಕೈಗೆ. ಮಾಲೀಕರಿಗೆ ಹೆಸರು ಇಲ್ಲ. ಯಾರಿಗಾದರೂ ಕೆಲಸದ ಜಾಗ ಬದಲಾಗಬೇಕಿದ್ದರೆ, ಆ ಕೆಲಸಗಾರನ ಒಪ್ಪಿಗೆ ಪಡೆದು, ಅಷ್ಟನ್ನು ಮಾತ್ರ ಹೇಳುವುದು. ಈ ಷರತ್ತುಗಳನ್ನು ಮುಕಾದಮನ ಎದುರಿಗೆ ನಾನೇ ಓದಿ ಹೇಳಿದೆ. 38 ಜನ ಬಂದರು, ಇಬ್ಬರು ಬರಲಿಲ್ಲ. ಬಾರದವರನ್ನು ಯಾರೂ ಕೇಳಬಾರದೆಂಬುದೂ ಷರತ್ತಿನಲ್ಲೇ ಸೇರಿತ್ತು.

ಮೂರು ಪರೀಕ್ಷೆಗಳು ಹೇಗೆ ಕೆಲಸ ಮಾಡುತ್ತವೆ

ಕುಡಿತದ ಸುಳಿವಿಗಾಗಿ ವೈದ್ಯರು ನೋಡುವ ಸಾಮಾನ್ಯ ಪರೀಕ್ಷೆಗಳು ಮುಖ್ಯವಾಗಿ ಮೂರು.

ಗ್ಯಾಮಾ ಜಿ.ಟಿ. ಎಂಬುದು ಯಕೃತ್ತಿನ ಕಿಣ್ವ. ಹೆಚ್ಚು ಕುಡಿಯುವವರಲ್ಲಿ ಏರುತ್ತದೆ, ಪೂರ್ತಿ ಬಿಟ್ಟರೆ ಎರಡರಿಂದ ಆರು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಆದರೆ ಬೊಜ್ಜು, ಸಕ್ಕರೆ ಕಾಯಿಲೆ, ಕೊಬ್ಬು ತುಂಬಿದ ಯಕೃತ್ತು, ಪಿತ್ತನಾಳದ ತೊಂದರೆ, ಮೂರ್ಛೆ ರೋಗದ ಕೆಲವು ಔಷಧಗಳು, ಇವುಗಳಿಂದಲೂ ಏರುತ್ತದೆ. ಇನ್ನೊಂದು ಕಡೆ, ಎಳೆ ವಯಸ್ಸಿನವರು ಚೆನ್ನಾಗಿ ಕುಡಿಯುತ್ತಿದ್ದರೂ ಇದು ಏರದೇ ಇರಬಹುದು.

ಎಂ.ಸಿ.ವಿ. ಎಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ. ಸಾಧಾರಣವಾಗಿ 80ರಿಂದ 100 ಫೆಮ್ಟೋಲೀಟರ್. ವರ್ಷಗಟ್ಟಲೆ ಕುಡಿದವರ ಕಣಗಳು ದೊಡ್ಡದಾಗುತ್ತವೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಕುಡಿತ ಬಿಟ್ಟ ಮೇಲೂ ಈ ಅಂಕಿ ಇಳಿಯಲು ತಿಂಗಳುಗಳೇ ಬೇಕು. ಬಿ12 ಮತ್ತು ಫೋಲಿಕ್ ಆಮ್ಲದ ಕೊರತೆಯಲ್ಲೂ ಕಣ ದೊಡ್ಡದಾಗುತ್ತದೆ. ಹಾಲು ಮೊಸರು ಹೆಚ್ಚು ಸಿಗದ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ನಮಗೆ ಪದೇ ಪದೇ ಕಾಣುವ ಸಂಗತಿ. ಕಬ್ಬಿಣಾಂಶ ಕಡಿಮೆಯಾದರೆ ಕಣ ಚಿಕ್ಕದಾಗುತ್ತದೆ. ಕೊರತೆಯೂ ಕುಡಿತವೂ ಒಟ್ಟಿಗಿದ್ದವನ ಎಂ.ಸಿ.ವಿ. ಸಾಧಾರಣ ಮಿತಿಯೊಳಗೇ ನಿಂತಿರಬಹುದು.

ಮೂರನೆಯದು ಎಸ್.ಜಿ.ಓ.ಟಿ. ಮತ್ತು ಎಸ್.ಜಿ.ಪಿ.ಟಿ. ಎಂಬ ಯಕೃತ್ತಿನ ಇನ್ನೆರಡು ಕಿಣ್ವಗಳ ಅನುಪಾತ. ಕುಡಿತದಿಂದ ಯಕೃತ್ತಿಗೆ ಉರಿಯೂತ ಬಂದಾಗ ಮೊದಲನೆಯದು ಎರಡನೆಯದರ ಎರಡು ಪಟ್ಟು ಮೀರುವುದು ರೂಢಿ. ಕುಡಿಯುವವರಲ್ಲಿ ಬಿ6 ಜೀವಸತ್ವದ ಕೊರತೆಯಿಂದ ಎಸ್.ಜಿ.ಪಿ.ಟಿ. ಹೆಚ್ಚು ಏರಲಾರದಿರುವುದು ಇದಕ್ಕೊಂದು ಕಾರಣ. ಈ ಅನುಪಾತ ಒಳ್ಳೆಯ ಸುಳಿವು ಹೌದು, ಆದರೆ ಅದು ಮಾತನಾಡುವುದು ಯಕೃತ್ತು ಕೆಟ್ಟ ಮೇಲೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಈ ಬಗೆಯ ಪರೀಕ್ಷೆಗಳನ್ನೆಲ್ಲ ಒಟ್ಟು ಸೇರಿಸಿ ಕುಡುಕರನ್ನು ಹಿಡಿಯಬಹುದೇ ಎಂದು 1980ರ ದಶಕದಲ್ಲಿ ಅಮೆರಿಕದ ಸಂಶೋಧಕರು ಬಹಳ ಪ್ರಯತ್ನಿಸಿದರು. ಆಸ್ಪತ್ರೆಗಳಲ್ಲಿ ಎಲ್ಲರಿಗೂ ಮಾಡುವ ಹತ್ತಾರು ಪರೀಕ್ಷೆಗಳ ಅಂಕಿಗಳನ್ನು ಒಂದು ಗಣಿತ ಸೂತ್ರದಲ್ಲಿ ಹಾಕಿ ನೋಡಿದರು. ಚಿಕಿತ್ಸೆಗೆ ದಾಖಲಾದ ಕಡು ಕುಡುಕರನ್ನು ಕುಡಿಯದವರಿಂದ ಬೇರ್ಪಡಿಸುವುದರಲ್ಲಿ ಸೂತ್ರ ಚೆನ್ನಾಗಿಯೇ ನಡೆಯಿತು. ಆದರೆ ಆ ರೋಗಿಗಳ ವಿಷಯದಲ್ಲಿ ಸೂತ್ರ ಬೇಕಾಗಿಯೇ ಇರಲಿಲ್ಲ. ಅವರನ್ನು ಯಾರಾದರೂ ಗುರುತಿಸುತ್ತಿದ್ದರು. ಕೆಲಸಕ್ಕೆ ಹೋಗುತ್ತ, ಸಂಸಾರ ನಡೆಸುತ್ತ, ರಾತ್ರಿ ಕುಡಿಯುವ ಸಾಮಾನ್ಯ ಮನುಷ್ಯನೇ ಕಷ್ಟದ ರೋಗಿ. ದಾಲ್ ಮಿಲ್ಲಿನಲ್ಲಿ ಇದ್ದವರು ಅಂಥವರೇ.

ಇದಕ್ಕಿಂತ ನಿಖರವಾದ ಪರೀಕ್ಷೆಗಳಿವೆ. ಸಿ.ಡಿ.ಟಿ. ಎಂಬುದು ದಿನಕ್ಕೆ ಸುಮಾರು 60 ಗ್ರಾಂ ಮದ್ಯಸಾರವನ್ನು ಎರಡು ವಾರ ಕುಡಿದವರಲ್ಲಿ ಏರುತ್ತದೆ. ಪೆತ್ ಎಂಬ ಇನ್ನೊಂದು, ದೇಹದಲ್ಲಿ ಮದ್ಯಸಾರ ಇದ್ದರೆ ಮಾತ್ರ ಉಂಟಾಗುವ ವಸ್ತುವನ್ನೇ ಅಳೆಯುತ್ತದೆ, ಎರಡರಿಂದ ನಾಲ್ಕು ವಾರದ ಹಿಂದಿನ ಕುಡಿತವನ್ನೂ ತೋರಿಸಬಲ್ಲದು. ಇವು ಸಾಮಾನ್ಯ ಪರೀಕ್ಷೆಗಳಲ್ಲ. ದೊಡ್ಡ ಲ್ಯಾಬ್‌ಗೆ ಮಾದರಿ ಕಳಿಸಬೇಕು, ದುಬಾರಿ. ಇವು ಕೂಡ ಎಷ್ಟು ಕುಡಿದ ಎನ್ನುತ್ತವೆಯೇ ಹೊರತು ಬಿಡಲಾಗುತ್ತಿಲ್ಲವೇ ಎಂಬುದನ್ನು ಹೇಳವು.

"ಒಂದೇ, ಸಾಹೇಬರೆ"

ರಕ್ತ ತೆಗೆಯುವುದಕ್ಕೆ ಮೊದಲು ಪ್ರತಿಯೊಬ್ಬರನ್ನೂ ಮಿಲ್ಲಿನ ತೂಕದ ಕೋಣೆಯಲ್ಲಿ ಬಾಗಿಲು ಮುಚ್ಚಿ ಕೂರಿಸಿ ಮಾತನಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ನನ್ನ ಕೈಯಲ್ಲಿತ್ತು. ಒಟ್ಟು 40 ಅಂಕ. 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಹಂತದಲ್ಲಿದೆ, 20 ಅಥವಾ ಹೆಚ್ಚು ಬಂದರೆ ಚಟದ ಸಾಧ್ಯತೆ ದಟ್ಟ, ತಜ್ಞರು ನೋಡಬೇಕು.

ಈ ಪಟ್ಟಿಯನ್ನು ಇದ್ದಂತೆ ಓದಿದರೆ ನಮ್ಮಲ್ಲಿ ಕೆಲಸ ನಡೆಯುವುದಿಲ್ಲ. "ಕುಡಿಯುತ್ತೀರಾ?" ಎಂದು ಶುರು ಮಾಡಿದರೆ "ಇಲ್ಲ ಸಾಹೇಬರೆ" ಎಂದು ಮುಗಿಯುತ್ತದೆ. ನಿದ್ದೆ, ಊಟ, ಗುಟ್ಕಾ, ಬೆನ್ನುನೋವು ಎಲ್ಲ ಕೇಳಿ, ಆಮೇಲೆ ಅದೇ ದನಿಯಲ್ಲಿ "ನಿನ್ನೆ ರಾತ್ರಿ ಎಷ್ಟಾಯಿತು?" ಎಂದು ಕೇಳಬೇಕು. ಕುಡಿಯದವನು ನಕ್ಕು ಇಲ್ಲವೆನ್ನುತ್ತಾನೆ. ಕುಡಿಯುವವನು ಅಳತೆ ಹೇಳುತ್ತಾನೆ.

ಆ ಅಳತೆಯಲ್ಲೇ ಇನ್ನೊಂದು ತೊಡಕಿದೆ. ಯಂತ್ರ ನಡೆಸುವ 29 ವರ್ಷದ ಆಪರೇಟರ್ ನನಗೆ ಕೊಟ್ಟ ಉತ್ತರ "ಒಂದೇ, ಸಾಹೇಬರೆ" ಎಂದು. ಆಡಿಟ್ ಪಟ್ಟಿಯಲ್ಲಿ "ಒಂದು" ಎಂದರೆ 10 ಗ್ರಾಂ ಮದ್ಯಸಾರ, ನಮ್ಮ ಲೆಕ್ಕದಲ್ಲಿ 30 ಮಿಲಿಯ ಒಂದು ಸಣ್ಣ ಪೆಗ್.

"ಒಂದು ಎಂದರೆ ಯಾವುದು ತಮ್ಮಾ, ಪೆಗ್ಗೋ ಕ್ವಾರ್ಟರೋ?"

"ಪೆಗ್ಗು ಅಳೆಯುತ್ತ ಕೂರುವವರು ಯಾರು ಸಾಹೇಬರೆ? ಒಂದು ಪಾಕೀಟು."

ಪಾಕೀಟು ಎಂದರೆ 180 ಮಿಲಿಯ ವಿಸ್ಕಿ. ಅದರಲ್ಲಿ ಶೇ 42.8ರಷ್ಟು ಮದ್ಯಸಾರ. ಗುಣಿಸಿ ತೂಕಕ್ಕೆ ತಂದರೆ ಸುಮಾರು 61 ಗ್ರಾಂ. ಅವನ "ಒಂದು" ಎಂಬುದು ಪಟ್ಟಿಯ ಆರು. ಒಂದೇ ಕೂಟದಲ್ಲಿ ಆರು ಅಥವಾ ಹೆಚ್ಚು ಎಷ್ಟು ಸಲ ಕುಡಿಯುತ್ತೀರಿ ಎಂಬುದು ಪಟ್ಟಿಯ ಮೂರನೆಯ ಪ್ರಶ್ನೆ. ಅದಕ್ಕೆ ಇವನ ಉತ್ತರ "ದಿನಾಲೂ". ಕ್ವಾರ್ಟರಿನ ಲೆಕ್ಕ ಗೊತ್ತಿಲ್ಲದ ವೈದ್ಯ ಅಲ್ಲಿ "ಒಂದು" ಎಂದು ಬರೆದುಕೊಂಡು ಮುಂದಿನವನನ್ನು ಕರೆಯುತ್ತಿದ್ದ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಕೂಲಿ ಮಾಡುವ ಮನೆಗಳಲ್ಲಿ ಅದರ ಜಾಗಕ್ಕೆ ಅಗ್ಗದ ಈ ಪಾಕೀಟು ಬಂದು ಕೂತಿದೆ. ಇಲ್ಲಿನ ಪ್ರತಿಯೊಬ್ಬ ವೈದ್ಯನಿಗೂ ದಾದಿಗೂ ಈ 61 ಗ್ರಾಂನ ಲೆಕ್ಕ ಬಾಯಿಪಾಠವಿರಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಓಲಾಡುತ್ತಿದ್ದ ಹಮಾಲ

ಮಾಲೀಕರ ಮನಸ್ಸಿನಲ್ಲಿ ಮೊದಲೇ ಒಂದು ಹೆಸರಿತ್ತು. ಚೀಲ ಹೊರುವ 44 ವರ್ಷದ ಹಮಾಲ. ಕೆಲವು ವಾರಗಳಿಂದ ನಡೆಯುವಾಗ ಓಲಾಡುತ್ತಾನೆ, ಮಾತು ತೊದಲುತ್ತದೆ, ಬೆಳಿಗ್ಗೆ ಕೆಲಸಕ್ಕೆ ಬಂದಾಗಲೇ ಕಣ್ಣು ಮಂಪರು. ಹಲಗೆಯ ಮೇಲೆ ಚೀಲ ಹೊತ್ತು ಲಾರಿ ಹತ್ತುವಾಗ ಒಮ್ಮೆ ಜಾರಿ ಬಿದ್ದಿದ್ದ. ಮುಕಾದಮ ಅವನಿಗೆ ಎಚ್ಚರಿಕೆ ಕೊಟ್ಟಾಗಿತ್ತು.

ಅವನ ವರದಿ ಬಂದಾಗ ಗ್ಯಾಮಾ ಜಿ.ಟಿ. 148 (ಆ ಲ್ಯಾಬ್‌ನ ಮಿತಿ 55), ಎಂ.ಸಿ.ವಿ. 106. ಎರಡು ಸುಳಿವೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಮಾಲೀಕರು ಮೊದಲು ಕೇಳಿದಂತೆ ಪಟ್ಟಿ ತಯಾರಾಗಿದ್ದರೆ ಇವನ ಹೆಸರು ಎಲ್ಲಕ್ಕಿಂತ ಮೇಲಿರುತ್ತಿತ್ತು, ಅದನ್ನು ಪ್ರಶ್ನಿಸುವವರು ಒಬ್ಬರೂ ಇರುತ್ತಿರಲಿಲ್ಲ.

ಆದರೆ ತೂಕದ ಕೋಣೆಯಲ್ಲಿ ಅವನ ಆಡಿಟ್ ಅಂಕ ಸೊನ್ನೆಯಾಗಿತ್ತು. ಕೊರಳಲ್ಲಿ ಲಿಂಗವಿತ್ತು, ಅದನ್ನು ಮುಟ್ಟಿ "ಹುಟ್ಟಿದಾಗಿನಿಂದ ಬಾಯಿಗೆ ಹಾಕಿಲ್ಲ" ಎಂದಿದ್ದ. ಆಣೆ ಇಟ್ಟನೆಂದು ನಂಬಿಬಿಡುವುದು ವೈದ್ಯನ ಕೆಲಸವಲ್ಲ. ಆದರೆ ವರದಿಯನ್ನು ನಂಬಿ ಮನುಷ್ಯನನ್ನು ಸುಳ್ಳುಗಾರನೆಂದು ತೀರ್ಮಾನಿಸುವುದೂ ಅಲ್ಲ. ದವಾಖಾನೆಗೆ ಕರೆಸಿ ಪೂರ್ತಿ ಪರೀಕ್ಷೆ ಮಾಡಿದೆ.

ಬಾಯಿ ತೆರೆಯಲು ಹೇಳಿದೆ. ಒಸಡುಗಳು ಊದಿ ಹಲ್ಲಿನ ಅರ್ಧ ಭಾಗವನ್ನು ಮುಚ್ಚಿದ್ದವು. ಮುಂದಿನ ಎರಡು ಹಲ್ಲುಗಳ ನಡುವೆ ಒಸಡು ಗಂಟಿನಂತೆ ಇಳಿದಿತ್ತು. ನನ್ನ ಬೆರಳನ್ನೇ ನೋಡುತ್ತ ಕಣ್ಣು ಆಚೀಚೆ ಆಡಿಸಲು ಹೇಳಿದೆ. ಬೆರಳು ಬದಿಗೆ ಸರಿದಾಗಲೆಲ್ಲ ಕಣ್ಣುಗುಡ್ಡೆಗಳು ಸಣ್ಣಗೆ ಜಗ್ಗಿ ಜಗ್ಗಿ ಅದುರಿದವು. ಒಂದು ಹೆಜ್ಜೆಗೆ ಇನ್ನೊಂದು ಹೆಜ್ಜೆ ತಾಗಿಸಿ ಗೆರೆಯ ಮೇಲೆ ನಡೆಯಲು ಹೇಳಿದರೆ ಮೂರನೆಯ ಹೆಜ್ಜೆಗೇ ಗೋಡೆ ಹಿಡಿದ. ಅವನ ಉಸಿರಿನಲ್ಲಿ ಎಲೆ ಅಡಿಕೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಅಣ್ಣಾ, ಮೂರ್ಛೆಗೆ ಗುಳಿಗೆ ತೆಗೆದುಕೊಳ್ಳುತ್ತೀರಾ?"

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂಗಿಯ ಒಳಜೇಬಿನಿಂದ ಕಾಗದದಲ್ಲಿ ಸುತ್ತಿದ ಗುಳಿಗೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. ಫೆನಿಟಾಯಿನ್. ಹದಿನಾರು ವರ್ಷಗಳಿಂದ ರಾತ್ರಿ 300 ಮಿಲಿಗ್ರಾಂ. ಎರಡು ತಿಂಗಳ ಹಿಂದೆ ಮನೆಯಲ್ಲಿ ಮತ್ತೆ ಮೂರ್ಛೆ ಬಂದಿತ್ತು, ಹೆದರಿಕೊಂಡು ಔಷಧ ಅಂಗಡಿಯವನ ಮಾತು ಕೇಳಿ ತಾನೇ 400ಕ್ಕೆ ಏರಿಸಿಕೊಂಡಿದ್ದ. ಮಿಲ್ಲಿನಲ್ಲಿ ಯಾರಿಗೂ ಹೇಳಿರಲಿಲ್ಲ. "ಮೂರ್ಛೆ ಇದೆ ಎಂದರೆ ಚೀಲ ಹೊರಲು ಬಿಡುತ್ತಾರೆಯೇ ಸಾಹೇಬರೆ? ಕುಡುಕನೆಂದರೆ ಬೈಯುತ್ತಾರೆ, ಬಿಡುತ್ತಾರೆ. ಮೂರ್ಛೆ ಎಂದರೆ ಹತ್ತಿರವೇ ಕರೆಯುವುದಿಲ್ಲ."

ಈ ಒಂದು ಔಷಧ ಎಲ್ಲಕ್ಕೂ ಉತ್ತರವಾಗಿತ್ತು. ಫೆನಿಟಾಯಿನ್ ಯಕೃತ್ತಿನ ಕಿಣ್ವಗಳನ್ನು ಪ್ರಚೋದಿಸಿ ಗ್ಯಾಮಾ ಜಿ.ಟಿ.ಯನ್ನು ಏರಿಸುತ್ತದೆ. ಫೋಲಿಕ್ ಆಮ್ಲವನ್ನು ತಗ್ಗಿಸಿ ಕೆಂಪು ಕಣಗಳನ್ನು ದೊಡ್ಡದು ಮಾಡುತ್ತದೆ. ಒಸಡು ಊದಿಸುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಮಿತಿ ಮೀರಿದರೆ ಕಣ್ಣು ಅದುರುತ್ತದೆ, ನಡಿಗೆ ತಪ್ಪುತ್ತದೆ, ಮಾತು ತೊದಲುತ್ತದೆ. ಹೊರಗಿನಿಂದ ನೋಡುವವರಿಗೆ ಇದಕ್ಕೂ ಕುಡಿದ ಅಮಲಿಗೂ ವ್ಯತ್ಯಾಸ ಕಾಣದು. ಇದು ವಿಚಿತ್ರ ಸ್ವಭಾವದ ಔಷಧ: ಯಕೃತ್ತು ಅದನ್ನು ಒಂದು ಮಟ್ಟದವರೆಗೆ ಮಾತ್ರ ಕರಗಿಸಬಲ್ಲದು, ಅದು ಮೀರಿದರೆ ಒಂದೇ ಗುಳಿಗೆ ಹೆಚ್ಚಿಸಿದರೂ ರಕ್ತದ ಪ್ರಮಾಣ ಒಮ್ಮೆಲೇ ಜಿಗಿಯುತ್ತದೆ. ಚಿಕಿತ್ಸೆಗೆ ಬೇಕಾದ ಪ್ರಮಾಣ ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ. ಇವನ ರಕ್ತದಲ್ಲಿ ಇದ್ದದ್ದು 34.

ಔಷಧವನ್ನು ಸ್ವಲ್ಪ ದಿನ ತಡೆಹಿಡಿದು ಪ್ರಮಾಣ ಇಳಿಸಿದೆವು. ನರರೋಗ ತಜ್ಞರು ನಿಧಾನವಾಗಿ ಬೇರೆ ಔಷಧಕ್ಕೆ ಬದಲಿಸಿದರು. ಬಿ12 ಸರಿಯಿದೆಯೆಂದು ನೋಡಿಕೊಂಡ ಮೇಲೆಯೇ ಫೋಲಿಕ್ ಆಮ್ಲ ಶುರು ಮಾಡಿದೆ. ಬಿ12 ಕೊರತೆ ಇದ್ದವರಿಗೆ ಫೋಲಿಕ್ ಆಮ್ಲವೊಂದನ್ನೇ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡರೂ ನರಗಳಿಗೆ ಹಾನಿಯಾಗಬಹುದು. ಎರಡು ವಾರದಲ್ಲಿ ನಡಿಗೆ ನೆಟ್ಟಗಾಯಿತು.

ಕೆಲಸದ ಮಾತು ಉಳಿಯಿತು. ಮೂರ್ಛೆ ರೋಗವಿರುವವನು ಎತ್ತರದ ಚೀಲದ ಅಟ್ಟಿ ಹತ್ತುವುದು, ತಿರುಗುವ ಬೆಲ್ಟಿನ ಪಕ್ಕ ನಿಲ್ಲುವುದು ಅವನಿಗೇ ಅಪಾಯ. ಅದನ್ನು ಅವನಿಗೆ ಬಿಡಿಸಿ ಹೇಳಿದೆ. ಅವನು ಒಪ್ಪಿದ ಮೇಲೆ ಮಾಲೀಕರಿಗೆ ಒಂದು ಚೀಟಿ ಕೊಟ್ಟೆ: ಆರೋಗ್ಯದ ಕಾರಣಕ್ಕೆ ಇವರಿಗೆ ನೆಲದ ಮೇಲಿನ ಕೆಲಸ ಕೊಡಬೇಕು. ಕಾಯಿಲೆಯ ಹೆಸರು ಬರೆಯಲಿಲ್ಲ. ಮಾಲೀಕರು ಕೇಳಿದರು, ನಾನು ಹೇಳಲಿಲ್ಲ, ಅವರು ಮತ್ತೆ ಒತ್ತಾಯಿಸಲಿಲ್ಲ. "ಕುಡಿತವಲ್ಲ ಎಂದಷ್ಟೇ ಹೇಳಬಹುದು, ಅವರೇ ಹೇಳಲು ಬಿಟ್ಟಿದ್ದಾರೆ" ಎಂದಾಗ ಅವರ ಮುಖ ಕೆಂಪಾಯಿತು. ಅವನೀಗ ಚೀಲದ ಬಾಯಿ ಹೊಲಿಯುವ ಜಾಗದಲ್ಲಿದ್ದಾನೆ. ಕೂಲಿ ಸ್ವಲ್ಪ ಕಡಿಮೆ ಆಗಿದೆ. ಆ ವಿಷಯದಲ್ಲಿ ನನಗೆ ಇನ್ನೂ ಸಮಾಧಾನವಿಲ್ಲ.

ವರದಿಯಲ್ಲಿ ಏನೂ ಕಾಣದ ಆಪರೇಟರ್

"ಒಂದೇ" ಎಂದಿದ್ದ ಆಪರೇಟರ್‌ನ ವರದಿ ನೋಡಿದರೆ ಯಾರೂ ಅನುಮಾನ ಪಡುತ್ತಿರಲಿಲ್ಲ. ಗ್ಯಾಮಾ ಜಿ.ಟಿ. 41. ಎಂ.ಸಿ.ವಿ. 86. ಎಸ್.ಜಿ.ಓ.ಟಿ. ಮಿತಿಗಿಂತ ಕೂದಲೆಳೆಯಷ್ಟು ಹೆಚ್ಚು. ಹಿಮೋಗ್ಲೋಬಿನ್ 11.2, ಮೂಲವ್ಯಾಧಿಯಿಂದ ರಕ್ತ ಹೋಗುತ್ತಿತ್ತು, ಕಬ್ಬಿಣಾಂಶ ಕುಸಿದಿತ್ತು. ದೊಡ್ಡದಾಗಬೇಕಿದ್ದ ಕಣಗಳನ್ನು ಕಬ್ಬಿಣದ ಕೊರತೆ ಚಿಕ್ಕದಾಗಿಸಿ ನಡುವಿನಲ್ಲಿ ನಿಲ್ಲಿಸಿತ್ತು. ವಯಸ್ಸೂ ಚಿಕ್ಕದು.

ಆದರೆ ಆಡಿಟ್ ಅಂಕ 23. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆ, ಅರ್ಧ ಪಾಕೀಟು ಹಾಕಿದರೆ ನಿಲ್ಲುತ್ತದೆ ಎಂದು ಅವನೇ ಹೇಳಿದ. ಬೆಲ್ಟು, ಮೋಟಾರು, ಸ್ವಿಚ್ಚು ಎಲ್ಲ ಇದ್ದದ್ದು ಆ ಕೈಯಲ್ಲಿ. ಮಾಲೀಕರಿಗೆ ನಿಜವಾಗಿ ಭಯವಿರಬೇಕಾದ ಮನುಷ್ಯ ಇವನು, ಮತ್ತು ರಕ್ತಪರೀಕ್ಷೆ ಅವನಿಗೆ ಶುದ್ಧ ಯೋಗ್ಯತಾ ಪತ್ರ ಕೊಟ್ಟಿತ್ತು.

ಮರುದಿನ ಹೆಂಡತಿಯೊಡನೆ ಬರಲು ಹೇಳಿದೆ. ಕಳೆದ ವರ್ಷ ಊರಿಗೆ ಹೋದಾಗ ಕುಡಿಯಲು ಸಿಗದೆ ಮೂರನೆಯ ದಿನ ರಾತ್ರಿಯೆಲ್ಲ ಗೋಡೆಯ ಮೇಲೆ ಇರುವೆ ಹರಿಯುತ್ತಿವೆಯೆಂದು ಕೂಗಾಡಿದ್ದನೆಂದು ಆಕೆ ಹೇಳಿದರು. ಮೈಯೆಲ್ಲ ಬೆವರು, ಯಾರ ಗುರುತೂ ಸಿಗುತ್ತಿರಲಿಲ್ಲ. ಗಾಳಿ ಸೋಕಿದೆಯೆಂದು ತಿಳಿದು ತಾಯತ ಕಟ್ಟಿಸಿದ್ದರು. ನಡುವೆ ಯಾರೋ ಕುಡಿಸಿದ ಮೇಲೆ ಸರಿಹೋಗಿದ್ದ.

ಅದು ಗಾಳಿಯಲ್ಲ. ದಿನವೂ ಕುಡಿಯುವವನು ಒಮ್ಮೆಲೇ ನಿಲ್ಲಿಸಿದಾಗ, ಮೊದಲ ಎರಡು ದಿನಗಳಲ್ಲಿ ಮೂರ್ಛೆ ಬರಬಹುದು, ಎರಡರಿಂದ ನಾಲ್ಕನೆಯ ದಿನದ ನಡುವೆ ಇಂಥ ಸನ್ನಿ ಬರಬಹುದು. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಸಂಚಕಾರ. ಮಾಲೀಕರು ಪಟ್ಟಿ ನೋಡಿ ಇಂಥವನನ್ನು ಒಂದು ಬೆಳಿಗ್ಗೆ ಮನೆಗೆ ಕಳಿಸಿದ್ದರೆ, ಕೈಯಲ್ಲಿ ದುಡ್ಡಿಲ್ಲದೆ ಅವನು ಕುಡಿತ ನಿಲ್ಲಿಸಿದ್ದರೆ, ಮನೆಯಲ್ಲೇ ಸಾಯಬಹುದಿತ್ತು. "ಇವತ್ತಿನಿಂದ ಬಿಟ್ಟೆ" ಎಂದು ಅವನು ಆಣೆ ಹಾಕಲು ಹೊರಟಾಗ ನಾನೇ ತಡೆದೆ: "ಮನೆಯಲ್ಲಿ ಬಿಡಬೇಡ ತಮ್ಮಾ, ಆಸ್ಪತ್ರೆಯಲ್ಲಿ ಬಿಡು."

ಆಸ್ಪತ್ರೆಯಲ್ಲಿ ಸೇರಿಸಿ, ನಡುಕ ತಡೆಯುವ ಔಷಧವನ್ನು ಮೊದಲು ಹೆಚ್ಚು ಕೊಟ್ಟು ದಿನದಿನಕ್ಕೆ ಇಳಿಸುತ್ತ ಬಂದರು. ಗ್ಲೂಕೋಸ್ ಬಾಟಲಿ ಹಚ್ಚುವುದಕ್ಕೆ ಮೊದಲು ಥಯಮಿನ್ (ಬಿ1 ಜೀವಸತ್ವ) ಚುಚ್ಚುಮದ್ದು ಕೊಟ್ಟರು. ಇದನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ನಿಶ್ಶಕ್ತಿಗೆ ಗ್ಲೂಕೋಸ್ ಹಚ್ಚುವ ರೂಢಿ ಬಹಳ. ಕುಡಿಯುವವನ ದೇಹದಲ್ಲಿ ಉಳಿದಿರುವ ಅಷ್ಟಿಷ್ಟು ಥಯಮಿನ್ ಅದರಿಂದ ಖರ್ಚಾಗಿ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು.

ಉಳಿದವರು, ಮತ್ತು ಒಂದು ಲೆಕ್ಕ

ಒಟ್ಟು ಏಳು ಜನರ ಗ್ಯಾಮಾ ಜಿ.ಟಿ. ಮಿತಿ ದಾಟಿತ್ತು. ಮಾತನಾಡಿ ನೋಡಿದರೆ ಅವರಲ್ಲಿ ಅಪಾಯದ ಮಟ್ಟದಲ್ಲಿ ಕುಡಿಯುತ್ತಿದ್ದವರು ಮೂವರು ಮಾತ್ರ. ಮುನೀಮರದು 96, ಅವರಿಗೆ ಇದ್ದದ್ದು ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಕೊಬ್ಬು ತುಂಬಿದ ಯಕೃತ್ತು. ಆಪರೇಟರ್‌ನನ್ನು ಸೇರಿಸಿ, ಪ್ರಶ್ನೆಗಳಿಂದ ಮಾತ್ರ ಸಿಕ್ಕವರು ಇನ್ನೂ ನಾಲ್ವರು.

ಮಾಲೀಕರಿಗೆ ಈ ಅಂಕಿಗಳನ್ನು ಹೇಳಲಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ಎಣಿಕೆಯೂ ಗುರುತಾಗಿಬಿಡುತ್ತದೆ. ಬದಲಿಗೆ ಅವರ ಲೆಕ್ಕದ ಹಾಳೆಯ ಹಿಂದೆಯೇ ಒಂದು ಕಾಲ್ಪನಿಕ ಲೆಕ್ಕ ಬರೆದು ತೋರಿಸಿದೆ. 40 ಜನ ಇದ್ದಾರೆ, ಅವರಲ್ಲಿ 10 ಜನ ವಿಪರೀತ ಕುಡಿಯುತ್ತಾರೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಕುಡಿಯುವವರಲ್ಲಿ ಅರ್ಧ ಜನರನ್ನು ಹಿಡಿಯುತ್ತದೆ, ಕುಡಿಯದ ಐವರಲ್ಲಿ ಒಬ್ಬನನ್ನು ತಪ್ಪಾಗಿ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಆಗ ಹತ್ತರಲ್ಲಿ ಐವರು ಸಿಕ್ಕುತ್ತಾರೆ, ಐವರು ತಪ್ಪಿಸಿಕೊಳ್ಳುತ್ತಾರೆ. ಕುಡಿಯದ 30 ಜನರಲ್ಲಿ ಆರು ಜನರ ಹೆಸರು ಪಟ್ಟಿಗೆ ಬರುತ್ತದೆ. ಪಟ್ಟಿಯಲ್ಲಿ 11 ಹೆಸರು, ಅದರಲ್ಲಿ ಆರು ನಿರಪರಾಧಿಗಳದು. ಮಾಲೀಕರು ವ್ಯಾಪಾರದವರು, ಈ ಲೆಕ್ಕ ಅವರಿಗೆ ನನ್ನ ನೈತಿಕತೆಯ ಮಾತಿಗಿಂತ ಬೇಗ ತಲುಪಿತು. ಹಾಳೆಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡರು.

ಹಾಗಾದರೆ ರಕ್ತಪರೀಕ್ಷೆ ಉಪಯೋಗಕ್ಕೆ ಬಾರದೇ? ಬರುತ್ತದೆ, ಬೇರೆ ಜಾಗದಲ್ಲಿ. ಲಾರಿ ಲೋಡಿಂಗ್ ನೋಡಿಕೊಳ್ಳುವ ಮೇಸ್ತ್ರಿಯ ಗ್ಯಾಮಾ ಜಿ.ಟಿ. 212 ಇತ್ತು, ಕುಡಿತವನ್ನು ಅವನು ಮುಚ್ಚಿಟ್ಟಿರಲಿಲ್ಲ. ಬಿಡುತ್ತೇನೆಂದು ನಿರ್ಧರಿಸಿದ. ಆರು ವಾರದ ನಂತರದ ವರದಿಯಲ್ಲಿ 74. ಆ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಅವನಿಗೆ ಬಂದ ಧೈರ್ಯ ನನ್ನ ಉಪದೇಶದಿಂದ ಬರುತ್ತಿರಲಿಲ್ಲ. ಒಪ್ಪಿಕೊಂಡವನ ಜೊತೆ ನಡೆಯಲು, ಯಕೃತ್ತು ಎಷ್ಟು ಕೆಟ್ಟಿದೆಯೆಂದು ತಿಳಿಯಲು, ಬೇರೆ ಕಾರಣಕ್ಕೆ ಮಾಡಿದ ವರದಿಯಲ್ಲಿ ಏರಿದ ಅಂಕಿ ಕಂಡಾಗ ಕೇಳಬೇಕಾದ ಪ್ರಶ್ನೆ ನೆನಪಿಸಿಕೊಳ್ಳಲು ಈ ಪರೀಕ್ಷೆಗಳು ಬೇಕೇ ಬೇಕು.

ಮಾಲೀಕರಿಗೆ ಕೊಟ್ಟ ವರದಿ ಒಂದು ಪುಟದ್ದು. ಎಲಿವೇಟರ್ ಬೆಲ್ಟಿಗೆ ಮುಚ್ಚಳವಿರಲಿಲ್ಲ, ನಾನು ತೂಕದ ಕೋಣೆಯಿಂದಲೇ ಅದನ್ನು ನೋಡಿದ್ದೆ. ಮುಚ್ಚಳವಿಲ್ಲದ ಬೆಲ್ಟು ಕುಡಿಯದವನ ಕೈಯನ್ನೂ ಎಳೆದುಕೊಳ್ಳುತ್ತದೆ ಎಂದು ಮೊದಲ ಸಾಲಿನಲ್ಲೇ ಬರೆದೆ. ಯಂತ್ರದ ಕೆಲಸಕ್ಕೆ ನಿಲ್ಲುವ ಮೊದಲು ಉಸಿರಿನ ಪರೀಕ್ಷೆ ಮಾಡಬೇಕೆಂದಿದ್ದರೆ ಮುಂಚಿತವಾಗಿ ತಿಳಿಸಿ, ಮ್ಯಾನೇಜರ್‌ನಿಂದ ಹಿಡಿದು ಎಲ್ಲರಿಗೂ ಒಂದೇ ನಿಯಮ ಮಾಡಿ, ಸಿಕ್ಕಿಬಿದ್ದವನನ್ನು ಆ ದಿನ ಯಂತ್ರದಿಂದ ದೂರವಿಟ್ಟು ಚಿಕಿತ್ಸೆಗೆ ಕಳಿಸಿ, ಕೆಲಸದಿಂದ ತೆಗೆಯಬೇಡಿ ಎಂದು ಬರೆದೆ. ಕೊನೆಗೆ ಎರಡು ದೂರವಾಣಿ ಸಂಖ್ಯೆಗಳು: ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ವ್ಯಸನ ಬಿಡಲು ನೆರವಿಗೆ 14446. ಮುಚ್ಚಳ ಒಂದು ವಾರದಲ್ಲಿ ಬಂತು. ಸಂಖ್ಯೆಗಳನ್ನು ಮುಕಾದಮ ಹಾಜರಿ ಪುಸ್ತಕದ ರಟ್ಟಿನ ಮೇಲೆ ಅಂಟಿಸಿದ್ದಾನೆ. ಉಸಿರಿನ ಪರೀಕ್ಷೆಯ ವಿಷಯ ಇನ್ನೂ ತೀರ್ಮಾನವಾಗಿಲ್ಲ.

ಆಪರೇಟರ್ ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಗೆಳೆಯರ ಜೊತೆ ಸೇರಿ ಮತ್ತೆ ಕುಡಿದ. ಹೆಂಡತಿ ಮೂರನೆಯ ದಿನಕ್ಕೇ ಕರೆತಂದರು, ಈ ಸಲ ತಾಯತ ಕಟ್ಟಿಸಲು ಹೋಗಲಿಲ್ಲ. ಮತ್ತೆ ಸೇರಿಸಿಕೊಂಡೆವು. ಕಬ್ಬಿಣದ ಗುಳಿಗೆ ನಡೆದಿದೆ, ಹಿಮೋಗ್ಲೋಬಿನ್ 13ಕ್ಕೆ ಬಂದಿದೆ. ಸದ್ಯ ಅವನು ಯಂತ್ರದ ಬಳಿ ಇಲ್ಲ, ಗೋದಾಮಿನಲ್ಲಿ ಚೀಲ ಎಣಿಸುವ ಕೆಲಸ ಮಾಡುತ್ತಿದ್ದಾನೆ. ಯಂತ್ರಕ್ಕೆ ಯಾವಾಗ ಮರಳಬಹುದೆಂದು ಪ್ರತಿ ಭೇಟಿಯಲ್ಲೂ ಕೇಳುತ್ತಾನೆ. ಆರು ತಿಂಗಳು ಕುಡಿಯದೆ ಇದ್ದರೆ ಆ ಮಾತು ತೆಗೆಯೋಣ ಎಂದು ಅವನು, ಹೆಂಡತಿ ಮತ್ತು ನಾನು ಕೂತು ಒಪ್ಪಿಕೊಂಡಿದ್ದೇವೆ.